ರಾತ್ರಿ ಯಾರು ಎದ್ದೇಳುತ್ತಾರೆ ಅಂತ ಕೇಳು

ತಂಗಿ, ಸಿದ್ದಾಪುರದಿಂದ ನೀನು ಬರೆದದ್ದನ್ನು ಎರಡು ಸಲ ಓದಿದೆ. ಕುವೈತ್‌ನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ, ಊಟ ವಸತಿ ಅವರದೇ, ‘ಮನೆಮಗಳ ಹಾಗೆ ನೋಡ್ಕೊಳ್ತಾರೆ’ ಅಂತ ಏಜೆಂಟ್ ಹೇಳಿದ್ದಾನೆ, ಬರಲಾ ಅಕ್ಕಾ ಎಂದು ಕೇಳಿದ್ದೀಯ. ನಾನು ಬಂದು 16 ವರ್ಷ ಆಯಿತು. ಬರಬೇಡ ಎನ್ನುವುದಿಲ್ಲ. ನನಗೆ ಹೆದರಿಕೆ ಆ ‘ಮನೆಮಗಳು’ ಅನ್ನೋ ಮಾತಿನದು.

ನೀನು ಕಾಫಿ ಕೊಯ್ಲಿಗೆ ಹೋದವಳು. ಅಲ್ಲಿ ಹಣ್ಣು ತೂಗುತ್ತಾರೆ, ಮೇಸ್ತ್ರಿ ಎಷ್ಟೇ ಬೈದರೂ ಸಂಜೆ ಲೈನ್ ಮನೆಗೆ ಬಿಡುತ್ತಾನೆ. ಮನೆಮಗಳನ್ನು ಸಂಜೆ ಎಲ್ಲಿಗೆ ಬಿಡುತ್ತಾರೆ? ನಾನು ಮೊದಲು ಸೇರಿದ ಮನೆಯಲ್ಲಿ ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ ನನ್ನ ಹಾಸಿಗೆ. ಮಗ್ಗುಲು ಬದಲಿಸಲು, ಡೈಪರ್ ಬದಲಿಸಲು, ನೀರು ಕುಡಿಸಲು ರಾತ್ರಿ ಎದ್ದಾಗಲೆಲ್ಲ ಬಾಗಿಲ ಹಿಂದಿನ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್‌ನಿಂದ ಒಂದು ಗೀಟು ಎಳೆಯುತ್ತಿದ್ದೆ. ತಿಂಗಳ ಕೊನೆಗೆ ಎಣಿಸಿದರೆ 112. ಮೇಡಂಗೆ ತೋರಿಸಿದೆ. ‘ಮಲಗಿಯೇ ಇರ್ತೀಯಲ್ಲಾ’ ಅಂದರು. ಆಮೇಲೆ ಒಂದು ಗುರುವಾರ ನನಗೆ ಜ್ವರ, ಅವರ ಮಗಳೇ ಅಜ್ಜಿ ಹತ್ತಿರ ಮಲಗಿದಳು. ಮರುತಿಂಗಳೇ ರಾತ್ರಿಗೆ ಇನ್ನೊಬ್ಬಳು ಬಂದಳು! ಮಲಗಿದಲ್ಲೇ ಇದ್ದು ಅಜ್ಜಿಯ ಬೆನ್ನಿಗಾಗಿದ್ದ ಹುಣ್ಣು ವಾಸಿಯಾದದ್ದೂ ಆಮೇಲೆಯೇ.

ಆಗ ಇಲ್ಲಿ ಮನೆಕೆಲಸದವರಿಗೆ ಅಂತ ಕಾನೂನು ಇರಲಿಲ್ಲ. ಈಗ 2015ರ 68ನೇ ಕಾನೂನು ಇದೆ. ದಿನಕ್ಕೆ 12 ಗಂಟೆ ಮೀರಬಾರದು, ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ಸಂಬಳದ ರಜೆ, ನಿನ್ನ ಒಪ್ಪಿಗೆ ಇಲ್ಲದೆ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ಕನಿಷ್ಠ ಸಂಬಳ 60 ದಿನಾರ್ ಅಂತ 2016ರಲ್ಲಿ ಮಾಡಿದರು. 12 ಗಂಟೆ ಏನು ಕಡಿಮೆಯಲ್ಲ, ಮನೆಯೊಳಗೆ ಬಂದು ಎಣಿಸುವವರೂ ಇಲ್ಲ, ಆದರೂ ಕೇಳಲು ಒಂದು ಆಧಾರ ಇದೆ.

ಏಜೆಂಟ್ ವಿಷಯ. ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ ಎಂದಿದ್ದೀಯ, ಹಾಗಾದರೆ ನಿನ್ನದು ಇಸಿಆರ್ ಪಾಸ್‌ಪೋರ್ಟ್, ಅಂದರೆ ಇಂಥ ದೇಶಕ್ಕೆ ಕೆಲಸಕ್ಕೆ ಹೊರಡುವ ಮೊದಲು ನಮ್ಮ ಸರ್ಕಾರದ ಅನುಮತಿ ಬೇಕು. 30 ವರ್ಷ ತುಂಬಿರಬೇಕು, ಮನೆಕೆಲಸಕ್ಕೆ ಖಾಸಗಿ ಏಜೆಂಟ್ ಕಳಿಸುವಂತೆಯೇ ಇಲ್ಲ, ಸರ್ಕಾರಿ ಸಂಸ್ಥೆ ಮೂಲಕ, ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ದಾಖಲಾಗಿ ಬರಬೇಕು. ‘ಸುಮ್ನೆ ವಿಸಿಟ್ ವೀಸಾದಲ್ಲಿ ಕಣ್ಣೂರಿಂದ ಹತ್ತಿಸ್ತೀನಿ, ಅಲ್ಲಿ ಬದಲಾಯಿಸೋಣ’ ಅಂದರೆ ದುಡ್ಡು ಕೊಡಬೇಡ.

ಇಲ್ಲಿಯವರನ್ನು ಮಾತ್ರ ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಊರಲ್ಲಿ ಅಮ್ಮನನ್ನು ನೋಡಿಕೊಳ್ಳಲು ಒಬ್ಬಳನ್ನು ಇಟ್ಟಿದ್ದೇನೆ. ಹೋದ ಪುತ್ತರಿ ಹಬ್ಬದ ಹೊತ್ತಿಗೆ ಅವಳು ಭಾನುವಾರ ರಜೆ ಬೇಕು ಅಂದಾಗ ನನ್ನ ಬಾಯಿಂದ ಬಂದದ್ದೇನು ಗೊತ್ತಾ? ‘ನೀನು ಮನೆಯವಳ ಹಾಗೇ ಅಲ್ವಾ.’ ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು. ಈಗ ಭಾನುವಾರ ಬೇರೆಯವರು ಬರುತ್ತಾರೆ, ಖರ್ಚು ಜಾಸ್ತಿ, ಆಗಲಿ. ಮನೆಕೆಲಸದವರಿಗೂ ಉಳಿದ ಕೆಲಸಗಾರರ ಹಕ್ಕೇ ಇರಬೇಕು ಅನ್ನುವ ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಒಪ್ಪಂದ 2011ರಲ್ಲೇ ಬಂತು. ಕುವೈತೂ ಒಪ್ಪಿಲ್ಲ, ನಮ್ಮ ದೇಶವೂ ಒಪ್ಪಿಲ್ಲ.

ಸದ್ಯಕ್ಕೆ ಒಂದು ಕೆಲಸ ಮಾಡು. ಅಜ್ಜಿ ಎದ್ದು ಓಡಾಡುತ್ತಾರಾ, ಮಲಗಿದಲ್ಲೇ ಇದ್ದಾರಾ, ಮನೆಯಲ್ಲಿ ಬೇರೆ ಕೆಲಸದವರು ಎಷ್ಟು ಜನ, ರಾತ್ರಿ ಯಾರು ಎದ್ದೇಳುತ್ತಾರೆ ಅಂತ ಏಜೆಂಟನ್ನು ಕೇಳು. ಅವನು ಹೇಳಿದ್ದನ್ನು ಹೇಳಿದ ಹಾಗೇ ನನಗೆ ಬರಿ. ಕರಾರು ಪತ್ರ ಕೊಟ್ಟರೆ ಎಲ್ಲಾ ಪುಟದ ಫೋಟೋ ಕಳಿಸು, ಅರಬ್ಬಿ ಇರುವ ಬದಿಯದೂ. ಓದಿಸಿ ಹೇಳುತ್ತೇನೆ.