ಆಹಾರ ಪೋಲಾಗದಂತೆ ನೆರವಾಗುವ ರೆಸಿಪಿ ಆ್ಯಪ್ ವಿನ್ಯಾಸ ಹೇಗಿರಬೇಕು?

ಹುಡುಕಾಟ ಅಡುಗೆಯ ಹೆಸರಿನಿಂದಲ್ಲ, ಮನೆಯಲ್ಲಿ ಮೊದಲು ಕೆಡುವ ಪದಾರ್ಥದಿಂದ ಶುರುವಾಗಬೇಕು. ಇಂಥ ಆ್ಯಪ್‌ಗಳು ಹೆಚ್ಚಾಗಿ ಸೋಲುವುದು ದಾಸ್ತಾನು ಬರೆಸುವಲ್ಲಿ. ಪ್ರತಿಯೊಂದನ್ನೂ ಗ್ರಾಂ ಲೆಕ್ಕದಲ್ಲಿ ತುಂಬಿಸುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ‘ಇದೆ, ಸ್ವಲ್ಪ ಇದೆ, ಮುಗಿದಿದೆ’ ಎಂಬ 3 ಆಯ್ಕೆ ಸಾಕು. ಅಡುಗೆ ಮುಗಿಯಿತೆಂದು ಒತ್ತಿದಾಗ ಬಳಸಿದ್ದನ್ನು ಆ್ಯಪ್ ತಾನೇ ಕಳೆಯಲಿ.

ರೆಸಿಪಿಗಳನ್ನು ‘ಎಷ್ಟು ಪದಾರ್ಥ ಹೊಂದುತ್ತವೆ’ ಎಂದು ಎಣಿಸಿ ಜೋಡಿಸಬೇಡಿ. ಉಪ್ಪು, ಎಣ್ಣೆ, ಸಕ್ಕರೆಯೇ ಅಂಕ ಗಿಟ್ಟಿಸಿ, ಬಾಡುತ್ತಿರುವ ಸೊಪ್ಪು ಹಿಂದುಳಿಯುತ್ತದೆ. ಕೆಡದ ಸಾಮಾನಿಗೆ ಸೊನ್ನೆ ಅಂಕ, 1–2 ದಿನದಲ್ಲಿ ಕೆಡುವುದಕ್ಕೆ 5, ವಾರ ತಡೆಯುವುದಕ್ಕೆ 1 ಎಂದು ಶುರುಮಾಡಿ, ಬಳಕೆ ನೋಡಿ ತಿದ್ದಿ. ಹೊಸದಾಗಿ ಕೊಳ್ಳಬೇಕಾದ ಪ್ರತಿ ಪದಾರ್ಥಕ್ಕೂ ಅಂಕ ಕಳೆಯಿರಿ. ಇಲ್ಲದಿದ್ದರೆ ಒಂದನ್ನು ಉಳಿಸಲು ಹೋಗಿ ಇನ್ನೊಂದರ ಅರ್ಧ ಪೊಟ್ಟಣ ಮಿಕ್ಕುತ್ತದೆ. ಮಿಕ್ಕೇಬಿಟ್ಟರೆ, ಅದನ್ನು ಖಾಲಿ ಮಾಡುವ ಎರಡನೇ ರೆಸಿಪಿಯನ್ನು ಅಲ್ಲೇ ತೋರಿಸಿ.

ದಿನಾಂಕಗಳ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ‘ಬೆಸ್ಟ್ ಬಿಫೋರ್’ ಗುಣಮಟ್ಟದ ಮಾತು, ‘ಯೂಸ್ ಬೈ’ ಸುರಕ್ಷತೆಯದು. ಎರಡಕ್ಕೂ ಒಂದೇ ಕೆಂಪು ಗುರುತು ಹಾಕಿದರೆ ತಿನ್ನಬಹುದಾದದ್ದೂ ಕಸದ ಬುಟ್ಟಿ ಸೇರುತ್ತದೆ. ಬೇಯಿಸಿ ಉಳಿದದ್ದನ್ನು 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಲು ನೆನಪಿಸಿ, 3ನೇ ದಿನ ಮತ್ತೊಮ್ಮೆ ಎಚ್ಚರಿಸಿ.