ಕೊಟ್ಟ ಮಾತು ಮತ್ತು 7 ಡಾಲರ್

ಶಿವಮೊಗ್ಗದ ಓದುಗರೊಬ್ಬರ ಪತ್ರ: 'ಅಮೆರಿಕದ ಅಂತರ್ಯುದ್ಧದ ಲೇಖನದಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಜಾನ್ ಆಂಡ್ರ್ಯೂ ಅವರನ್ನು ಅಷ್ಟೊಂದು ಹೊಗಳಿದ್ದೀರಿ. ಯುದ್ಧ ಗೆಲ್ಲಿಸಿದ್ದು ಲಿಂಕನ್. ಬಾಸ್ಟನ್ನಿನಲ್ಲಿ ಕೂತು ಕಾಗದ ಬರೆದವರದ್ದು ಏನು ದೊಡ್ಡ ಸಾಧನೆ?'

ಇಷ್ಟು ಗಮನವಿಟ್ಟು ಓದುವವರು ಸಿಗುವುದೇ ಅಪರೂಪ. ಸಂತೋಷ. ಲಿಂಕನ್ ಅವರ ಕಷ್ಟ ದೊಡ್ಡದು, ಒಪ್ಪಿದೆ. ಗುಲಾಮಗಿರಿ ಇದ್ದರೂ ದಕ್ಷಿಣದ ಬಂಡಾಯ ರಾಜ್ಯಗಳ ಜೊತೆ ಸೇರದಿದ್ದ ಕೆಂಟಕಿಯಂಥ ಗಡಿ ರಾಜ್ಯಗಳು ಕೈತಪ್ಪದಂತೆ ನೋಡಿಕೊಳ್ಳಬೇಕಿತ್ತು. ಆದರೆ 'ಕಾಗದ ಬರೆದವರು' ಅಂದಿರಲ್ಲ, ಅದು ಬೇಜಾರಾಯಿತು.

1863ರ ಜನವರಿಯಲ್ಲಿ ಕಪ್ಪು ಜನರ ಪಡೆ ಕಟ್ಟಲು ಆಂಡ್ರ್ಯೂ ಅನುಮತಿ ಪಡೆದರು. ಅದೇ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟ್. ಬಿಳಿಯರಿಗೆ ಎಷ್ಟೋ ನಿಮಗೂ ಅಷ್ಟೇ, ತಿಂಗಳಿಗೆ 13 ಡಾಲರ್ ಅಂತ ಮಾತು ಕೊಟ್ಟರು. ಜುಲೈ 18ರಂದು ದಕ್ಷಿಣದ ಬಂಡಾಯಗಾರರ ವ್ಯಾಗ್ನರ್ ಕೋಟೆಯ ಮುಂದೆ ಆ ಪಡೆ ನೆತ್ತರು ಹರಿಸಿತು. ಕೇಂದ್ರ ಸರ್ಕಾರ ಕೊಡಲು ಬಂದದ್ದು 10 ಡಾಲರ್. ಅದರಲ್ಲೂ ಬಟ್ಟೆಗೆಂದು 3 ಮುರಿದುಕೊಂಡು 7. ಸೈನಿಕರು ಕೈಯಲ್ಲೂ ಮುಟ್ಟಲಿಲ್ಲ.

'ವಾಷಿಂಗ್ಟನ್ನಿನವರನ್ನು ಕೇಳಿ' ಅಂತ ಆಂಡ್ರ್ಯೂ ಸುಮ್ಮನಿರಬಹುದಿತ್ತು. ಇರಲಿಲ್ಲ. ಕಡಿಮೆ ಬಿದ್ದದ್ದನ್ನು ರಾಜ್ಯದ ಬೊಕ್ಕಸದಿಂದ ತುಂಬಿಕೊಡುವ ಕಾನೂನು ಮಾಡಿಸಿದರು. ಸೈನಿಕರು ಅದನ್ನೂ ಬೇಡವೆಂದರು. ಸರಿಸಮ ಎಂದು ಒಪ್ಪಿ ಕೇಂದ್ರವೇ ಕೊಡಲಿ ಎನ್ನುವ ಹಟ. ಅಷ್ಟು ಹೊತ್ತಿಗೆ ಊರಲ್ಲಿ ಹೆಂಡತಿ ಮಕ್ಕಳು ಉಪವಾಸ ಬಿದ್ದಿದ್ದರು. ಆಂಡ್ರ್ಯೂ ಲಿಂಕನ್‌ಗೂ ಬರೆದರು, ಬಿಡದೆ ಒತ್ತಾಯಿಸಿದರು. 1864ರ ಜೂನ್‌ನಲ್ಲಿ ಅಲ್ಲಿನ ಸಂಸತ್ತು ಮಣಿಯಿತು. ಆಗಲೂ ಯುದ್ಧಕ್ಕೆ ಮೊದಲೇ ಗುಲಾಮರಾಗಿರದೆ ಸ್ವತಂತ್ರರಾಗಿದ್ದವರಿಗೆ ಮಾತ್ರ ಸೇರಿದ ದಿನದಿಂದ ಪೂರ್ತಿ ಸಂಬಳ.

ದಕ್ಷಿಣ ಕೆರೊಲಿನಾದಲ್ಲಿ ಕೇಂದ್ರ ಸರ್ಕಾರದ ಪರ ಕಟ್ಟಿದ ಕಪ್ಪು ಜನರ ಇನ್ನೊಂದು ಪಡೆಯ ಸಾರ್ಜೆಂಟ್ ವಿಲಿಯಂ ವಾಕರ್ ಇದೇ ಸಂಬಳಕ್ಕಾಗಿ ತನ್ನವರಿಂದ ಬಂದೂಕು ಕೆಳಗಿಡಿಸಿದ್ದ. ದಂಗೆಯ ಆರೋಪ ಹೊರಿಸಿ 1864ರ ಫೆಬ್ರವರಿಯಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಸೈನಿಕನೆಂದು ಸಂಬಳ ಕೊಡಲು ಕಾನೂನು ಸಿಗದ ಸರ್ಕಾರಕ್ಕೆ, ಸೈನಿಕನೆಂದು ಗುಂಡಿಕ್ಕಲು ಕಾನೂನು ಸಿಕ್ಕಿತು ಎಂದರು ಆಂಡ್ರ್ಯೂ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಮೊದಲು ಕೆಲಸಕ್ಕಿದ್ದ ಅಚ್ಚುಕೂಟದಲ್ಲೂ ಹೇಳಿದ ಸಂಬಳ ಒಂದು, ಕೈಗೆ ಬಂದದ್ದು ಇನ್ನೊಂದು. ಸೇರಿಸಿಕೊಂಡವರನ್ನು ಕೇಳಿದರೆ 'ಮಾಲೀಕರನ್ನು ಕೇಳಪ್ಪ' ಅಂದರು. ಗುತ್ತಿಗೆ ಕೆಲಸದವರ ಪಾಡು ಇವತ್ತೂ ಅದೇ ಅಲ್ವಾ? ಅದೇ ಕಸಬರಿಕೆ, ಅದೇ ರಸ್ತೆ, ಪಕ್ಕದವರಿಗಿಂತ ಕಡಿಮೆ ಸಂಬಳ. ಕೇಳಿದರೆ ಏಜೆನ್ಸಿಯತ್ತ ಕೈ ತೋರಿಸುತ್ತಾರೆ. ಅವರ ಪರವಾಗಿ ಕಾಗದ ಬರೆಯುವ ಅಧಿಕಾರಿ ಒಬ್ಬರಿದ್ದರೂ ಎಷ್ಟು ಮನೆಗಳಲ್ಲಿ ಒಲೆ ಹೊತ್ತುತ್ತದೆ! ನಾಳೆ ಬೆಳಿಗ್ಗೆ ನಿಮ್ಮ ಬೀದಿ ಗುಡಿಸುವವರನ್ನು ಒಮ್ಮೆ ಮಾತಾಡಿಸಿ, ಆಮೇಲೆ ನನಗೆ ಬರೆಯಿರಿ. ಆ ಪತ್ರವನ್ನೂ ಪ್ರಕಟಿಸುತ್ತೇನೆ.