ಟ್ರ್ಯಾಕ್ಟರ್ ಅಲ್ಲ, ನಮ್ಮ ತೋಟದ ಜೆಟ್

ಕೃಷಿ ಎಂಜಿನಿಯರಿಂಗ್ ಇತಿಹಾಸದಲ್ಲಿ ಟ್ರ್ಯಾಕ್ಟರ್ ಬಿಟ್ಟು ಬೇರೆ ಮೈಲಿಗಲ್ಲು ಯಾವುದು, ರೈತರೇ ಹೇಳಿ ಅಂತ ಕೇಳಿದ್ದೀರಿ. ಮೂಡಿಗೆರೆ ಕಡೆ ಆರು ಎಕರೆ ರೊಬಸ್ಟಾ ಕಾಫಿ ಮಾಡಿಕೊಂಡಿರುವ ನನಗೆ ಇದಕ್ಕೆ ಜಾಸ್ತಿ ಯೋಚಿಸಬೇಕಿಲ್ಲ. 1892ರಲ್ಲಿ ಅಮೆರಿಕದ ಅಯೋವಾದಲ್ಲಿ ಜಾನ್ ಫ್ರೋಲಿಕ್ ಪೆಟ್ರೋಲ್ ಟ್ರ್ಯಾಕ್ಟರ್ ಓಡಿಸಿದ್ದು ಬಯಲುಸೀಮೆಯವರಿಗೆ ದೊಡ್ಡ ಸಂಗತಿ ಇರಬಹುದು. ನಮ್ಮ ಇಳಿಜಾರಿನಲ್ಲಿ, ಮರಗಳ ಸಂದಿಯಲ್ಲಿ ಅದು ತಿರುಗುವುದೇ ಇಲ್ಲ. ನನ್ನ ಓಟು ಜೆಟ್‌ಗೆ. ಸುತ್ತ ತಿರುಗುತ್ತಾ ಗಿಡಗಳ ಮೇಲೆ ಮಳೆಯಂತೆ ನೀರು ಚಿಮ್ಮಿಸುವ ಸಾಧನ ಅದು. ಅಂಗಡಿಯಲ್ಲಿ ಸ್ಪ್ರಿಂಕ್ಲರ್ ಅಂತ ಕೇಳಿದರೂ ಕೊಡುತ್ತಾರೆ.

ಇದನ್ನು ಮಾಡಿದವರು ಕ್ಯಾಲಿಫೋರ್ನಿಯಾದ ಗ್ಲೆಂಡೋರಾದಲ್ಲಿ ಕಿತ್ತಳೆ, ನಿಂಬೆ ಜಾತಿಯ ತೋಟ ಇದ್ದ ಆರ್ಟನ್ ಎಂಗಲ್‌ಹಾರ್ಟ್. 1933ರಲ್ಲಿ ಮಾಡಿದರು, 1935ರಲ್ಲಿ ಪೇಟೆಂಟ್ ಸಿಕ್ಕಿತು. ರೈತನೇ ಮಾಡಿದ್ದು ಅನ್ನುವುದು ನನಗೆ ಇನ್ನೂ ಖುಷಿ. ಒಳಗೆ ಮೋಟಾರೂ ಇಲ್ಲ, ಎಂಥದ್ದೂ ಇಲ್ಲ. ಮೂತಿಯಿಂದ ಚಿಮ್ಮುವ ನೀರು ಒಂದು ತೋಳಿಗೆ ಬಡಿಯುತ್ತದೆ, ತೋಳು ಪಕ್ಕಕ್ಕೆ ಹಾರುತ್ತದೆ, ಸ್ಪ್ರಿಂಗ್ ಅದನ್ನು ವಾಪಸ್ ಎಳೆಯುತ್ತದೆ. ವಾಪಸ್ ಬಂದು ಕುಟ್ಟಿದ ಏಟಿಗೆ ಇಡೀ ತಲೆ ಒಂಚೂರು ತಿರುಗುತ್ತದೆ. ಟಕ್, ಟಕ್, ಟಕ್. ಹಾಗೇ ಸುತ್ತು ಮುಗಿಸುತ್ತದೆ. ಎರಡನೇ ಮಹಾಯುದ್ಧದ ನಂತರ ಹಗುರವಾದ ಅಲ್ಯೂಮಿನಿಯಂ ಪೈಪು ಬಂದ ಮೇಲೆ ಒಬ್ಬ ಆಳು ಲೈನ್ ಹೊತ್ತು ಬದಲಾಯಿಸುವಂತಾಯಿತು. ಅಮೆರಿಕದ ಕೃಷಿ ಎಂಜಿನಿಯರುಗಳ ಸಂಘ 1990ರಲ್ಲಿ ಇದಕ್ಕೆ ಚಾರಿತ್ರಿಕ ಮೈಲಿಗಲ್ಲು ಅಂತ ಮಾನ್ಯತೆ ಕೊಟ್ಟಿತು. ಅಂದರೆ ಇದು ನಾನೊಬ್ಬನೇ ಹೇಳುತ್ತಿರುವ ಮಾತಲ್ಲ.

ಕಾಫಿಗೆ ಇದು ಯಾಕೆ ಮುಖ್ಯ ಅಂದರೆ ಹೂಮಳೆ. ಬೇಸಿಗೆಯಲ್ಲಿ ಗಿಡದ ಮೊಗ್ಗು ನಿದ್ದೆ ಹೊಡೆಯುತ್ತಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಒಂದೂವರೆ ಇಂಚು ನೀರು ಬಿದ್ದರೆ ಎಚ್ಚರವಾಗಿ ಎಂಟೊಂಬತ್ತು ದಿನಕ್ಕೆ ಬೆಳ್ಳಗೆ ಅರಳುತ್ತದೆ. ನಮ್ಮ ತಂದೆಯ ಕಾಲದಲ್ಲಿ ಆಕಾಶ ನೋಡುತ್ತಾ ಕೂರುವುದೇ ಕೆಲಸ. ಮಳೆ ತಡವಾದರೆ ಅರೇಬಿಕಾ ಜಾತಿಯ ಕಾಫಿ ಸ್ವಲ್ಪ ತಡೆದುಕೊಳ್ಳುತ್ತದೆ, ರೊಬಸ್ಟಾ ತಡೆಯಲ್ಲ. ಈಗ ಕೆರೆಗೆ ಪಂಪ್ ಇಟ್ಟು ಮಳೆಯನ್ನು ನಾವೇ ಕೊಡುತ್ತೇವೆ.

ಆದರೆ ಅರ್ಧಂಬರ್ಧ ಕೊಡಬಾರದು. ಒಂದು ವರ್ಷ ಕೆರೆಯಲ್ಲಿ ನೀರು ಕಮ್ಮಿ ಇತ್ತು. ಎಲ್ಲ ಗಿಡಕ್ಕೂ ಒಂದಿಷ್ಟು ಸಿಗಲಿ ಅಂತ ಜೆಟ್ ಬೇಗ ಬೇಗ ಜಾಗ ಬದಲಾಯಿಸಿದೆ. ಮೊಗ್ಗು ಉಬ್ಬಿತು, ಅರಳಲಿಲ್ಲ, ಗುಲಾಬಿ ಬಣ್ಣಕ್ಕೆ ತಿರುಗಿ ಕರಟಿತು. ಸುಮ್ನೆ ಬಿಟ್ಟಿದ್ದರೆ ತಡವಾದ ಮಳೆಗಾದರೂ ಅರಳುತ್ತಿತ್ತೇನೋ. ಒಂದು ಎಕರೆಗೆ ಒಂದು ಇಂಚು ಅಂದರೆ ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ ನೀರು. ಆ ಲೆಕ್ಕ ಮೊದಲೇ ಹಾಕಿದ್ದರೆ ಎರಡು ಎಕರೆಗೆ ಸರಿಯಾಗಿ ಕೊಟ್ಟು ಉಳಿದದ್ದನ್ನು ದೇವರಿಗೆ ಬಿಡುತ್ತಿದ್ದೆ. ಈಗ ಗಿಡಗಳ ಸಂದಿಯಲ್ಲಿ ನಾಲ್ಕು ಖಾಲಿ ಡಬ್ಬ ಇಟ್ಟು ಸ್ಕೇಲಲ್ಲಿ ಅಳೆಯುತ್ತೇನೆ. ಮನೆಯವಳು ನಗುತ್ತಾಳೆ, ನಗಲಿ.

ಹೂ ಅರಳಿದ ದಿನಗಳಲ್ಲಿ ಜೆಟ್ ಬಂದ್. ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ಅದನ್ನು ತರುವುದು ಗಾಳಿ ಮತ್ತು ಜೇನು. ನೀರು ಹೊಡೆದರೆ ಪರಾಗ ತೊಳೆದು ಹೋಗುತ್ತದೆ. ಎರಡು ಮೂರು ವಾರ ಬಿಟ್ಟು ಮಳೆ ಬರದಿದ್ದರೆ ಇನ್ನೊಮ್ಮೆ ನೀರು. ಅದನ್ನು ಬ್ಯಾಕಿಂಗ್ ಅಂತೀವಿ.

ಒಂದು ಮಾತು ಮುಚ್ಚಿಡಲ್ಲ. ಎಲ್ಲರೂ ಒಂದೇ ವಾರ ಹಳ್ಳಕ್ಕೆ ಪೈಪ್ ಇಳಿಸುತ್ತೇವೆ. ಕೆಳಗಿನ ಊರಿನವರಿಗೆ ಹಳ್ಳ ತಲುಪುವಷ್ಟರಲ್ಲಿ ಬರೀ ಕಲ್ಲು. ಹೋದ ಬೇಸಿಗೆಯಲ್ಲಿ ಕೆಳಗಿನ ತೋಟದ ಅಣ್ಣ ರಾತ್ರಿ ಟಾರ್ಚ್ ಹಿಡಿದು ನನ್ನ ಪಂಪಿನ ಹತ್ತಿರ ಬಂದಿದ್ದರು. ಜಗಳ ಆಡಲಿಲ್ಲ. 'ಎಷ್ಟೊತ್ತಿಗೆ ನಿಲ್ಲಿಸ್ತೀಯಾ ಮಾರಾಯ?' ಅಂತ ಕೇಳಿ ಅಲ್ಲೇ ಕಲ್ಲಿನ ಮೇಲೆ ಕೂತರು. ಈಗ ನನಗೆ ಹಗಲು, ಅವರಿಗೆ ರಾತ್ರಿ ಅಂತ ಮಾತಾಗಿದೆ.